'ಕ' ಅಕ್ಷರದ ಕಾಡು ಬರಿದಾಗುತ್ತಿದೆ, ಕನ್ನಡಿಗರೇ!

ಕನ್ನಡಿಗರೇ, ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ ಹತ್ತಿರ ಕರೆಯಿರಿ. 'ಕ' ಅಕ್ಷರದಿಂದ ಶುರುವಾಗುವ ಹತ್ತು ಪ್ರಾಣಿಗಳ ಹೆಸರು ಹೇಳು ಎನ್ನಿ. ಹಕ್ಕಿ ಬೇಡ, ಹಾವು ಬೇಡ, ಮೀನು ಬೇಡ. ಮರಿಗೆ ಹಾಲೂಡಿಸಿ ಸಾಕುವ, ಪಾಠದ ಪುಸ್ತಕ 'ಸಸ್ತನಿ' ಎಂದು ಕರೆಯುವ ಪ್ರಾಣಿ ಮಾತ್ರ. ಕುದುರೆ, ಕತ್ತೆ, ಕುರಿ, ಕೋತಿ. ನಾಲ್ಕಕ್ಕೇ ಉಸಿರು ಕಟ್ಟುತ್ತದೆ. ಐದನೆಯದಾಗಿ ಕರಡಿ ಬಂದರೆ ನಮ್ಮ ಪುಣ್ಯ. ಆರನೆಯದು ಏನು ಗೊತ್ತೇ? ಕಾಂಗರೂ!

ಅದೇ ಮಗುವಿಗೆ ಇಂಗ್ಲಿಷ್ ಪಟ್ಟಿ ಒಪ್ಪಿಸು ಎನ್ನಿ. ಯಾಕ್, ಝೀಬ್ರಾ ಎಂದು ಕೊನೆಯ ಅಕ್ಷರದವರೆಗೆ ಪಟಪಟನೆ ಒಪ್ಪಿಸುತ್ತದೆ. ಯಾಕ್ ಇರುವುದು ಹಿಮಾಲಯ, ಟಿಬೆಟ್ಟಿನ ಕಡೆ. ಝೀಬ್ರಾ ಇರುವುದು ಆಫ್ರಿಕಾದಲ್ಲಿ. ಎರಡನ್ನೂ ಕಲಿಯಲಿ, ಬೇಡ ಎಂದವರು ಯಾರು? ಆದರೆ ತನ್ನ ಜಿಲ್ಲೆಯ ಗುಡ್ಡದಲ್ಲಿ ಓಡಾಡುವ ಕೊಂಡುಕುರಿಯ ಹೆಸರೇ ಗೊತ್ತಿಲ್ಲದೆ ಏಳನೇ ಕ್ಲಾಸು ಮುಗಿಸಿದರೆ ಆ ತಪ್ಪು ಮಗುವಿನದೇ? ಅಲ್ಲ ಸ್ವಾಮಿ. ಕಲಿಸಬೇಕಾದ ನಮ್ಮದು.

ಒಂದೇ ಅಕ್ಷರದ ಆಸ್ತಿ

ನಾನು ಅಚ್ಚುಕೂಟ ನಡೆಸುವವನು. ಓದಿದ್ದು ಪಿಯುಸಿ. ಪ್ರಾಣಿಶಾಸ್ತ್ರದ ಪಂಡಿತನಲ್ಲ. ಆದರೆ ಅಕ್ಷರಗಳ ಜೊತೆ ಬದುಕಿದವನು. ಒಂದು ಭಾನುವಾರ ಪ್ರೆಸ್ಸಿನಲ್ಲಿ ಕೂತು, 'ಕ' ಒಂದೇ ಅಕ್ಷರಕ್ಕೆ ನಮ್ಮ ನಾಡಿನಲ್ಲೇ ಇರುವ ಸಸ್ತನಿಗಳು ಎಷ್ಟು ಸಿಗುತ್ತವೆ ಎಂದು ಪಟ್ಟಿ ಮಾಡಿದೆ. ಓದಿ ನೋಡಿ.

ಊರೊಳಗಿನವು: ಕುದುರೆ, ಕತ್ತೆ, ಕುರಿ, ಕೋಣ. ಊರಿಗೂ ಕಾಡಿಗೂ ಸೇರಿದ್ದು: ಕೋತಿ. ಕಾಡು, ಗುಡ್ಡ, ಬಯಲಿನವು: ಕರಡಿ, ಕಡವೆ, ಕಾಟಿ, ಕಾಡುಕುರಿ, ಕೊಂಡುಕುರಿ, ಕಾಡುಹಂದಿ, ಕಾಡುಬೆಕ್ಕು, ಕಾಡುಪಾಪ, ಕೆನ್ನಾಯಿ, ಕೆಂಜಳಿಲು, ಕಬ್ಬೆಕ್ಕು, ಕತ್ತೆಕಿರುಬ, ಕೃಷ್ಣಮೃಗ. ಒಟ್ಟು ಹದಿನೆಂಟು! ಕೋತಿಯೊಂದಕ್ಕೇ ಕೋಡಗ, ಕಪಿ ಎಂಬ ಬೇರೆ ಹೆಸರುಗಳೂ ಇವೆ. ಶಿಶುನಾಳ ಶರೀಫರ ದಯೆಯಿಂದ 'ಕೋಡಗ' ಇನ್ನೂ ನಮ್ಮ ನಾಲಗೆಯ ಮೇಲಿದೆ. ಪಾಪ, ಕಡವೆಗೆ ಅಂಥ ಶರೀಫರು ಸಿಗಲಿಲ್ಲ.

ಇದು ಒಂದು ಅಕ್ಷರದ ಲೆಕ್ಕ ಮಾತ್ರ. ಇನ್ನು 'ಮ'ಕಾರದ ಮುಂಗುಸಿ, ಮೊಲ, ಮುಳ್ಳುಹಂದಿ, 'ಚ'ಕಾರದ ಚಿರತೆ, ಚಿಪ್ಪುಹಂದಿ, ಚಿಗರಿ ಎಂದು ಹೊರಟರೆ ಈ ಪುಟ ಸಾಲದು. ಹುಬ್ಬಳ್ಳಿ-ಧಾರವಾಡದ ಜನ ಪುಣ್ಯವಂತರು. ಅಲ್ಲಿ ಓಡುವ ತ್ವರಿತ ಸಾರಿಗೆ ಬಸ್ಸಿಗೆ 'ಚಿಗರಿ' ಎಂದೇ ಹೆಸರಿಟ್ಟಿದ್ದಾರೆ. ಬಯಲುಸೀಮೆಯಲ್ಲಿ ನೆಗೆದು ಓಡುವ ಪ್ರಾಣಿಯ ಹೆಸರು ಜನರ ಬಾಯಲ್ಲಿ ದಿನವೂ ಓಡಾಡುತ್ತಿದೆ. ಒಂದು ಹೆಸರು ಉಳಿಯುವುದಕ್ಕೆ ಇಷ್ಟು ಸಾಕು. ಯಾರಾದರೂ ಅದನ್ನು ಬಳಸಬೇಕು, ಕಣ್ಣಿಗೆ ಬೀಳುವ ಹಾಗೆ ಬರೆಯಬೇಕು.

ಚಿತ್ರ ಸಿಗಲ್ಲ ಎಂಬ ನೆಪ

ಹೆಸರುಗಳು ಕಾಣೆಯಾಗುವುದು ಎಲ್ಲಿ ಎಂದು ನನ್ನನ್ನು ಕೇಳಿದರೆ, ಅಚ್ಚುಕೂಟದ ಪ್ರೂಫ್ ಹಾಳೆಯ ಮೇಲೆ ಎಂದು ಹೇಳುತ್ತೇನೆ.

ನಮ್ಮ ತಂದೆಯ ಕಾಲದಲ್ಲಿ ಟ್ರೆಡಲ್ ಮಿಷನ್, ಸೀಸದ ಮೊಳೆ. ಒಂದು ಚಿತ್ರ ಬೇಕೆಂದರೆ ಕಲಾವಿದನ ಹತ್ತಿರ ಬರೆಸಿ, ಪೇಟೆಗೆ ಹೋಗಿ ಬ್ಲಾಕ್ ಮಾಡಿಸಬೇಕಿತ್ತು. ಖರ್ಚಿನ ಬಾಬತ್ತು. ಆದ್ದರಿಂದ ಯಾವ ಪ್ರಾಣಿ ಬೇಕು ಎಂದು ಮೇಷ್ಟ್ರು ಯೋಚಿಸಿ ಹೇಳುತ್ತಿದ್ದರು. ಈಗ ಕಂಪ್ಯೂಟರ್ ಬಂತು. ತಯಾರು ಚಿತ್ರಗಳು ಸಾವಿರಗಟ್ಟಲೆ ಪುಕ್ಕಟೆ ಸಿಗುತ್ತವೆ. ಅವನ್ನು ಬರೆದವರು ನಮ್ಮವರಲ್ಲ. ಅಲ್ಲಿ ಜಿರಾಫೆ ಇದೆ, ಪಾಂಡಾ ಇದೆ, ಕಾಂಗರೂ ಇದೆ. ಕಡವೆ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಹಾಗಾಗಿ ಕನ್ನಡ ಅಕ್ಷರಮಾಲೆಯಲ್ಲಿ 'ಜ'ಗೆ ಜಿರಾಫೆ, 'ಪ'ಗೆ ಪಾಂಡಾ, 'ಕ'ಗೆ ಕಾಂಗರೂ! 'ಜ'ಗೆ ಜಿಂಕೆ ಇರಲಿಲ್ಲವೇ? ಅಕ್ಷರ ನಮ್ಮದು, ಪ್ರಾಣಿ ಮಾತ್ರ ಇಂಗ್ಲಿಷ್ ಪಟದಿಂದ ಎರವಲು.

ಒಂದು ಖಾಸಗಿ ಶಾಲೆಯವರು ಗೋಡೆಪಟ ಅಚ್ಚು ಹಾಕಿಸಲು ಬಂದಾಗ 'ಕ'ಗೆ ಕಡವೆ ಹಾಕೋಣ, ಚಿತ್ರ ನಾನೇ ಬರೆಸಿಕೊಡುತ್ತೇನೆ, ಅದಕ್ಕೆ ಕಾಸು ಬೇಡ ಎಂದೆ. ಪ್ರೂಫಿನಲ್ಲಿ ಕೆಂಪು ಶಾಯಿಯಿಂದ ಹೊಡೆದು ಹಾಕಿದರು. 'ಪೇರೆಂಟ್ಸ್‌ಗೆ ಅರ್ಥ ಆಗಲ್ಲ ಸಾರ್' ಎಂದರು. ಕನ್ನಡ ನಾಡಿನ ತಂದೆತಾಯಿಗೆ ಕಡವೆ ಅರ್ಥವಾಗುವುದಿಲ್ಲ, ಕಾಂಗರೂ ಅರ್ಥವಾಗುತ್ತದೆ! ಅಳಬೇಕೋ ನಗಬೇಕೋ ನೀವೇ ಹೇಳಿ.

ಇನ್ನೊಮ್ಮೆ ಕಾಡಂಚಿನ ವಸತಿಗೃಹವೊಂದರ ಕನ್ನಡ ಕರಪತ್ರ ಬಂತು. ಇಂಗ್ಲಿಷಿನಿಂದ ಯಾರೋ ತರ್ಜುಮೆ ಮಾಡಿದ್ದರು. ಬಾರ್ಕಿಂಗ್ ಡೀರ್ ಎಂಬುದು 'ಬೊಗಳುವ ಜಿಂಕೆ' ಆಗಿತ್ತು. ಅದಕ್ಕೆ ಕಾಡುಕುರಿ ಎಂಬ ಹೆಸರಿದೆ. ಫೋರ್ ಹಾರ್ನ್ಡ್ ಆಂಟಿಲೋಪ್ ಎಂಬುದು 'ನಾಲ್ಕು ಕೊಂಬಿನ ಜಿಂಕೆ' ಆಗಿತ್ತು. ಅದು ಕೊಂಡುಕುರಿ. ಸ್ಲಾತ್ ಬೇರ್ ಎಂಬುದು 'ಸೋಮಾರಿ ಕರಡಿ' ಆಗಿತ್ತು! ನಮ್ಮ ಪ್ರಾಣಿಗೆ ಇಂಗ್ಲಿಷರು ಹೆಸರಿಟ್ಟು, ಆ ಹೆಸರನ್ನು ನಾವು ತಿರುಗಿ ಕನ್ನಡಕ್ಕೆ ತಂದುಕೊಳ್ಳುವುದು ಎಂದರೆ ಸ್ವಂತ ಮನೆಗೆ ಬಾಡಿಗೆ ಕಟ್ಟಿದ ಹಾಗೆ.

ಸೋಮಾರಿ ಯಾರು?

ಈ ಸೋಮಾರಿ ಕರಡಿಯ ಕಥೆ ಕೇಳಬೇಕು. ಸ್ಲಾತ್ ಎಂಬುದು ಅಮೆರಿಕ ಖಂಡದ ಕಾಡುಗಳಲ್ಲಿ ಮರಕ್ಕೆ ಜೋತು ಬೀಳುವ ಬೇರೆಯೇ ಜಾತಿಯ ನಿಧಾನಸ್ಥ ಪ್ರಾಣಿ. ನಮ್ಮ ಕರಡಿಯ ಉದ್ದುದ್ದ ಉಗುರು, ವಿಚಿತ್ರ ಹಲ್ಲು ಕಂಡು, ಜಾರ್ಜ್ ಶಾ ಎಂಬ ಇಂಗ್ಲಿಷ್ ವಿಜ್ಞಾನಿ 1791ರಲ್ಲಿ ಇದನ್ನು ಆ ಸ್ಲಾತ್ ಗುಂಪಿಗೇ ಸೇರಿಸಿಬಿಟ್ಟ. ಆಮೇಲೆ ಇದು ಕರಡಿ ಎಂದು ಗೊತ್ತಾಗಿ ಶಾಸ್ತ್ರದ ಹೆಸರು ತಿದ್ದಿದರು. ಆದರೆ ಇಂಗ್ಲಿಷಿನಲ್ಲಿ ಆ ಸ್ಲಾತ್ ಹಾಗೇ ಅಂಟಿಕೊಂಡಿತು. ಕರಡಿಗೆ ಮೇಲಿನ ಸಾಲಿನ ನಡುವೆ ಎರಡು ಹಲ್ಲಿಲ್ಲ. ಹುತ್ತ ಬಗೆದು, ಆ ಸಂದಿನಿಂದ ಗೆದ್ದಲನ್ನು ಹೀರಿ ತಿನ್ನುತ್ತದೆ. ಇದರಲ್ಲಿ ಸೋಮಾರಿತನ ಎಲ್ಲಿ ಬಂತು? ಬಳ್ಳಾರಿ ಸೀಮೆಯ ಹಳ್ಳಿಗ ಒಂದು ದಿನವೂ ಇದನ್ನು ಬೇರೆ ಪ್ರಾಣಿ ಎಂದು ತಪ್ಪು ತಿಳಿದವನಲ್ಲ. ಅವನಿಗೆ ಅದು ಕರಡಿ. 1994ರಲ್ಲಿ ಅದಕ್ಕೆಂದೇ ದರೋಜಿಯಲ್ಲಿ ಧಾಮ ಆಯಿತು. ಅದನ್ನು ಜನ ಕರೆಯುವುದೂ ಕರಡಿಧಾಮ ಎಂದೇ.

ಕಾಟಿಯ ಕಥೆಯೂ ಅಷ್ಟೇ. ಮೈಯೆಲ್ಲ ಕಪ್ಪು, ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ ತೊಟ್ಟಂತಿರುವ, ಬಲಿತ ಗಂಡು ಸಾವಿರ ಕಿಲೋವರೆಗೂ ತೂಗುವ ಈ ಭಾರಿ ಪ್ರಾಣಿಗೆ ಬ್ರಿಟಿಷ್ ಬೇಟೆಗಾರರು 'ಇಂಡಿಯನ್ ಬೈಸನ್' ಎಂದರು. ಬೈಸನ್ ಇರುವುದು ಅಮೆರಿಕ, ಯುರೋಪುಗಳಲ್ಲಿ. ನಮ್ಮ ದೇಶದ ಕಾಡಿನಲ್ಲಿ ಬೈಸನ್ ಇಲ್ಲ. ಆದರೂ ಇವತ್ತಿಗೂ ಮಲೆನಾಡಿನ ಪೇಟೆಯಲ್ಲಿ ನಿಂತು 'ಬೈಸನ್ ಬಂದಿತ್ತಂತೆ' ಎನ್ನುವ ಕನ್ನಡಿಗರಿದ್ದಾರೆ. ಕಾಟಿ, ಕಾಡೆಮ್ಮೆ, ಕಾಡುಕೋಣ ಎಂದು ಒಂದಲ್ಲ ಮೂರು ಹೆಸರಿರುವಾಗ ಈ ದರಿದ್ರ ಯಾಕೆ?

ಇನ್ನು ಕೆನ್ನಾಯಿ. ಕೆಂಪು ನಾಯಿ ಕೆನ್ನಾಯಿ. ಗುಂಪು ಕಟ್ಟಿ ಬೇಟೆಯಾಡುತ್ತದೆ, ಸಿಳ್ಳೆ ಹಾಕಿ ಜೊತೆಯವರನ್ನು ಕರೆಯುತ್ತದೆ. ಬ್ರಿಟಿಷರ ಕಾಲದಲ್ಲಿ ಇದನ್ನು ಕೊಂದವರಿಗೆ ಇನಾಮು ಕೊಡುತ್ತಿದ್ದರು. ಇಂಗ್ಲಿಷಿನಲ್ಲಿ ಇದಕ್ಕೆ 'ಢೋಲ್' ಎನ್ನುತ್ತಾರೆ. ಆ ಮಾತು ಬಹುಶಃ ಕನ್ನಡದ 'ತೋಳ'ದಿಂದ ಬಂದಿರಬಹುದು ಎಂದು ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟೇ ಹೇಳುತ್ತದೆ! ಹಾಗಿದ್ದರೆ ನಮ್ಮ ಮಾತು ನಮಗೇ ವೇಷ ಬದಲಿಸಿ ವಾಪಸು ಬಂದಿದೆ. ಕೃಪಾಕರ-ಸೇನಾನಿ ಜೋಡಿ ಕಾಡಿನಲ್ಲಿ ವರ್ಷಗಟ್ಟಲೆ ಈ ಪ್ರಾಣಿಯ ಹಿಂದೆ ಅಲೆದು, ಹೊರದೇಶದವರೂ ಮೆಚ್ಚುವ ಚಿತ್ರ ತೆಗೆದರು. ಆದರೆ ಕನ್ನಡದಲ್ಲಿ ಪುಸ್ತಕ ಬರೆಯುವಾಗ 'ಕೆನ್ನಾಯಿಯ ಜಾಡಿನಲ್ಲಿ' ಎಂದೇ ಹೆಸರಿಟ್ಟರು. ಹೀಗಿರಬೇಕು ಕೆಲಸ.

ಕಾಂಗರೂ ಹೇಳುವ ಪಾಠ

ಕಾಂಗರೂ ಮೇಲೆ ನನಗೇನೂ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ಅದರಿಂದ ನಾವು ಪಾಠ ಕಲಿಯಬೇಕು. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಕೆಟ್ಟು ಆಸ್ಟ್ರೇಲಿಯಾದ ಈಶಾನ್ಯ ದಡದಲ್ಲಿ ನಿಂತಿತು. ಅಲ್ಲಿನ ಮೂಲನಿವಾಸಿಗಳು ಒಂದು ಬಗೆಯ ಪ್ರಾಣಿಗೆ 'ಗಂಗುರು' ಎಂದರು. ಹಡಗಿನವರು ಅದನ್ನೇ ಬರೆದುಕೊಂಡರು. ಅದು ಗೂಗು ಯಿಮಿಥಿರ್ ಎಂಬ ಭಾಷೆಯ ಪದ. ಇಂದು ಆ ಭಾಷೆ ಆಡುವವರು ಕೆಲವೇ ನೂರು ಮಂದಿ. ಆದರೆ ಅವರ ಪದ ಇಡೀ ಭೂಮಂಡಲದ ಬಾಯಲ್ಲಿದೆ.

ಇಂಗ್ಲಿಷ್ ದೊಡ್ಡ ಭಾಷೆಯಾದದ್ದು ಹೀಗೆ ಸಿಕ್ಕಲ್ಲೆಲ್ಲ ಹೆಸರು ಬಾಚಿಕೊಂಡು. ಮುಂಗುಸಿಗೆ ಅವರು ಹೇಳುವ 'ಮಂಗೂಸ್' ಮರಾಠಿಯಿಂದ ಹೋದದ್ದು, ನಮ್ಮ ಮುಂಗುಸಿಯ ನೆಂಟ. ಹೆಗ್ಗಣಕ್ಕೆ ಹೇಳುವ 'ಬ್ಯಾಂಡಿಕೂಟ್' ತೆಲುಗಿನ ಪಂದಿಕೊಕ್ಕು. ಕೆಲವು ನೂರು ಜನರ ಭಾಷೆಯ ಹೆಸರು ಜಗತ್ತು ಸುತ್ತಬಹುದಾದರೆ, 2011ರ ಜನಗಣತಿಯ ಲೆಕ್ಕದಲ್ಲಿ 4 ಕೋಟಿ 37 ಲಕ್ಷ ಜನರ ತಾಯ್ನುಡಿಯಾದ ಕನ್ನಡದ ಹೆಸರು ಕನ್ನಡ ಶಾಲೆಯ ಗೋಡೆಯ ಮೇಲಾದರೂ ಇರಬಾರದೇ?

ಬುದ್ಧಿವಂತರ ತಕರಾರು

ಕೆಲವು ಬುದ್ಧಿವಂತರು ಹೇಳುತ್ತಾರೆ: 'ನಿಮ್ಮ ಹೆಸರುಗಳು ಶಾಸ್ತ್ರೀಯವಲ್ಲ. ಕಾಡುಕುರಿ ಕುರಿಯೇ ಅಲ್ಲ, ಅದು ಜಿಂಕೆಯ ಜಾತಿ. ಕೊಂಡುಕುರಿಯೂ ಕುರಿಯಲ್ಲ.' ಒಪ್ಪಿದೆ. ಕಾಡುಕುರಿಯ ಕೊಂಬು ಜಿಂಕೆಗಳ ಹಾಗೆ ಉದುರಿ ಮತ್ತೆ ಹುಟ್ಟುತ್ತದೆ. ಕೊಂಡುಕುರಿ ನೀಲಗಾಯಿಯ ಕಡೆಯ ಬಂಧು. ಅದರ ಗಂಡಿಗಿರುವ ನಾಲ್ಕು ಕೊಂಬು ಉದುರುವುದಿಲ್ಲ. ಇದನ್ನೆಲ್ಲ ಮಕ್ಕಳಿಗೆ ಪಾಠದಲ್ಲಿ ಹೇಳಿ, ಬೇಡ ಎಂದವರಾರು? ಆದರೆ ಸ್ಲಾತ್ ಅಲ್ಲದ್ದನ್ನು ಸ್ಲಾತ್ ಎಂದು, ಬೈಸನ್ ಅಲ್ಲದ್ದನ್ನು ಬೈಸನ್ ಎಂದು ಕರೆಯುವುದು ಮಾತ್ರ ಯಾವ ಶಾಸ್ತ್ರ? ಶಾಸ್ತ್ರಕ್ಕೆ ಲ್ಯಾಟಿನ್ ಹೆಸರು ಇದ್ದೇ ಇದೆ. ಜನಬಳಕೆಯ ಹೆಸರು ಜನರದ್ದಾಗಿರಲಿ.

ಇನ್ನೊಂದು ತಕರಾರು: 'ಸೀಮೆಗೊಂದು ಹೆಸರಿದೆ, ಯಾವುದನ್ನು ಬರೆಯುವುದು?' ಇದು ಬಡತನವಲ್ಲ ಸ್ವಾಮಿ, ಸಿರಿತನ. ಒಂದನ್ನು ದೊಡ್ಡದಾಗಿ ಬರೆಯಿರಿ, ಉಳಿದದ್ದನ್ನು ಕೆಳಗೆ ಸಣ್ಣಕ್ಷರದಲ್ಲಿ ಬರೆಯಿರಿ. ಜಾಗದ ಚಿಂತೆ ನಿಮಗೆ ಬೇಡ. ಹೊಂದಿಸಿ ಕೊಡುವುದು ಅಚ್ಚುಕೂಟದವರ ಕೆಲಸ.

ಬರೀ ಅಭಿಮಾನದ ಮಾತಲ್ಲ

ಇದು ಬರೀ ಭಾಷಾಭಿಮಾನ ಎಂದು ತಳ್ಳಿಹಾಕಬೇಡಿ. ಕಾಡುಪಾಪವನ್ನೇ ತೆಗೆದುಕೊಳ್ಳಿ. ಅಂಗೈಯಗಲದ ಜೀವ, ರಾತ್ರಿ ಮರದಿಂದ ಮರಕ್ಕೆ ತೆವಳಿ ಹುಳುಹುಪ್ಪಟೆ ತಿನ್ನುತ್ತದೆ. ತುಮಕೂರು ಜಿಲ್ಲೆಯ ನಾಗವಲ್ಲಿಯಂಥ ಊರಿನ ಪಕ್ಕದಲ್ಲೇ ಬದುಕಿದೆ. ಎರಡು ದೊಡ್ಡ ಕಣ್ಣು ಕಂಡು ಹೆದರಿ ಕೊಲ್ಲುವವರಿದ್ದಾರೆ. ವಾಮಾಚಾರಕ್ಕೆ ಹಿಡಿದು ಮಾರುವ ಪಾಪಿಗಳೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಇದಕ್ಕೆ ಅತಿ ಹೆಚ್ಚಿನ ರಕ್ಷಣೆ ಇದೆ. ಆದರೆ ಮೂಲ ಪಟ್ಟಿಯಲ್ಲಿ ಇರುವುದು 'ಸ್ಲೆಂಡರ್ ಲೋರಿಸ್' ಎಂಬ ಇಂಗ್ಲಿಷ್ ಹೆಸರು. 'ಸ್ಲೆಂಡರ್ ಲೋರಿಸ್ ಹಿಡಿಯುವುದು ಅಪರಾಧ' ಎಂದು ಬೋರ್ಡು ಹಾಕಿದರೆ ಹಳ್ಳಿಯ ರೈತನಿಗೆ ಏನು ತಿಳಿಯುತ್ತದೆ? 'ಕಾಡುಪಾಪ' ಎಂದು ಬರೆಯಿರಿ, ಹೆಸರಿನಲ್ಲೇ ಕರುಣೆ ಇದೆ. ಪಾಪುವನ್ನು ಕೊಲ್ಲಲು ಯಾರಿಗೆ ಕೈ ಬರುತ್ತದೆ?

ನೆರೆಯ ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ ಇದೇ ಪ್ರಾಣಿಗೆ ಧಾಮ ಮಾಡಿತು. ತಮಿಳಿನಲ್ಲಿ ಅದರ ಹೆಸರು 'ದೇವಾಂಗು' ಧಾಮ, ತಮ್ಮ ಜನರ ಬಾಯಲ್ಲಿದ್ದ ಹೆಸರೇ. ನಮ್ಮಲ್ಲೂ ದಾರಿ ಇಲ್ಲದಿಲ್ಲ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಯ ಧಾಮವಾಯಿತು. ಅಂಥ ಕಡೆಗಳಲ್ಲಿ ಬೋರ್ಡಿನ ಮೊದಲ ಸಾಲು, ದೊಡ್ಡ ಅಕ್ಷರ, ಕನ್ನಡದ ಹೆಸರಾಗಿರಬೇಕು. 1963ರಿಂದ ರಾಜಭಾಷಾ ಕಾಯಿದೆ ಇರುವ ನಾಡಿನಲ್ಲಿ ಇದನ್ನು ಬೇಡಿ ಪಡೆಯಬೇಕೇ?

ನಾವು ಮಾಡಬೇಕಾದದ್ದು

ಅರಣ್ಯ ಇಲಾಖೆಗೆ: ಬೋರ್ಡು, ಕರಪತ್ರ, ಎಚ್ಚರಿಕೆ ಪ್ರಕಟಣೆ ಎಲ್ಲದರಲ್ಲೂ ಊರಿನವರು ಆಡುವ ಹೆಸರು ಮೊದಲು ಬರಲಿ. ಕಾಯಿದೆಯ ಪ್ರಾಣಿಪಟ್ಟಿಯನ್ನು ಕನ್ನಡ ಹೆಸರುಗಳೊಡನೆ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ.

ಶಾಲೆಗಳಿಗೆ: ಇಂಗ್ಲಿಷ್ ಪಟವನ್ನು ಕನ್ನಡಕ್ಕೆ ಇಳಿಸುವುದು ನಿಲ್ಲಲಿ. ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದ ನಾಡಿದು. ಒಂದು ಗೋಡೆಪಟ ಮಾಡುವ ಯೋಗ್ಯತೆ ನಮಗಿಲ್ಲವೇ?

ನನ್ನ ಕಸುಬಿನ ಗೆಳೆಯರಿಗೆ: ತಯಾರು ಚಿತ್ರ ಸಿಗದಿದ್ದರೆ ಊರಿನ ಚಿತ್ರಕಲಾ ಮೇಷ್ಟ್ರ ಹತ್ತಿರ ಬರೆಸಿ. ಒಂದು ಸಲದ ಖರ್ಚು, ನೂರು ಪಟಕ್ಕೆ ಆಗುತ್ತದೆ.

ಓದುಗರೇ, ಕೊನೆಯ ಮಾತು ನಿಮಗೆ. ನಿಮ್ಮ ಸೀಮೆಯ ಹಿರಿಯರ ಹತ್ತಿರ, ಕುರಿ ಕಾಯುವವರ ಹತ್ತಿರ, ಕಾಡಿನ ಹಾಡಿಗಳ ಜನರ ಹತ್ತಿರ ಕೂತು ಪ್ರಾಣಿಗಳ ಹೆಸರು ಬರೆದುಕೊಳ್ಳಿ. ದೂರದ ಜರ್ಮನಿಯಿಂದ ಬಂದ ಕಿಟೆಲ್ ಕನ್ನಡ ಪದಗಳನ್ನು ಕೂಡಿಸಿ, 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಯಿತು. ನಮಗೆ ನಮ್ಮ ತಾಲ್ಲೂಕಿನ ಒಂದು ಪುಟ ತುಂಬಿಸಲು ಆಗುವುದಿಲ್ಲವೇ? ಕಸ್ತೂರಿ ಕನ್ನಡ ಎಂದು ವೇದಿಕೆಯ ಮೇಲೆ ಕೂಗುತ್ತೇವೆ. ಕಸ್ತೂರಿ ಮೃಗವೂ 'ಕ'ಕಾರದ ಸಸ್ತನಿಯೇ, ಆದರೆ ಅದು ಹಿಮಾಲಯದ್ದು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂಬ ಗಾದೆಯೂ ನಮ್ಮದೇ. ನಮ್ಮ ಕಾಡಿನ ಕಡವೆ, ಕಾಟಿ, ಕಾಡುಪಾಪಗಳ ಹೆಸರು ನಮ್ಮ ಮಕ್ಕಳ ಬಾಯಲ್ಲಿ ಸತ್ತುಹೋದರೆ, ಆ ಗಾದೆಯಲ್ಲಿ ನಾವು ಯಾವ ಪ್ರಾಣಿ ಎಂದು ಬಿಡಿಸಿ ಹೇಳಬೇಕಾಗಿಲ್ಲ.