ಅಗಸ್ತ್ಯೋದಯ ಮತ್ತು ಮರಳುನಾಡಿನ ತಂಗಾಳಿ



ಶ್ರಾವಣವು ಮುಗಿದು ಭಾದ್ರಪದವು ಕಾಲಿರಿಸುವ ಹೊತ್ತಿಗೆ ನಮ್ಮ ನಾಡಿನ ರೈತನು ಮುಂಗಾರು ಬೆಳೆಯ ಮೇಲೆ ಕಣ್ಣಿಟ್ಟು, ಹಿಂಗಾರಿಗೆ ಹೊಲವನ್ನು ಹದಗೊಳಿಸುವ ಚಿಂತೆಯಲ್ಲಿರುತ್ತಾನೆ. ಅದೇ ಸಮಯದಲ್ಲಿ ಅರಬ್ಬೀ ಸಮುದ್ರದ ಆಚೆಯ ದಡದಲ್ಲಿ, ಅರೇಬಿಯಾದ ವಿಶಾಲ ಮರುಭೂಮಿಯಲ್ಲಿ, ಜನರು ಬೇರೊಂದು ನಿರೀಕ್ಷೆಯಲ್ಲಿರುತ್ತಾರೆ. ನಾಲ್ಕು ತಿಂಗಳ ಉರಿಬಿಸಿಲನ್ನು ಉಂಡು ಬಳಲಿದ ಅವರು ಬೆಳಗಿನ ಜಾವದಲ್ಲಿ ಎದ್ದು ದಕ್ಷಿಣದ ದಿಗಂತವನ್ನು ದಿಟ್ಟಿಸುತ್ತಾರೆ. ಆಗಸ್ಟ್ ೨೪ರ ಸುಮಾರಿಗೆ ಅಲ್ಲಿ, ಮರಳು ದಿಣ್ಣೆಗಳ ಅಂಚಿನಲ್ಲಿ, ಉಜ್ವಲವಾದ ನಕ್ಷತ್ರವೊಂದು ಕಾಣಿಸಿಕೊಳ್ಳುತ್ತದೆ. ಅವರು ಅದನ್ನು ‘ಸುಹೈಲ್’ ಎಂದು ಕರೆಯುತ್ತಾರೆ. ಭಾರತೀಯರು ಪ್ರಾಚೀನ ಕಾಲದಿಂದಲೂ ಅದೇ ನಕ್ಷತ್ರವನ್ನು ‘ಅಗಸ್ತ್ಯ’ ಎಂದು ಕರೆದಿದ್ದಾರೆ. ಲುಬ್ಧಕವನ್ನು ಬಿಟ್ಟರೆ ಇರುಳಿನ ಆಗಸದಲ್ಲಿ ಇದಕ್ಕಿಂತ ಪ್ರಕಾಶಮಾನವಾದ ನಕ್ಷತ್ರವಿಲ್ಲ.

ಸುಹೈಲ್ ಹುಟ್ಟಿದರೆ ಇರುಳು ತಂಪಾಗುವುದೆಂಬುದು ಅರಬರ ಹಳೆಯ ನಂಬುಗೆ. ಕೊಲ್ಲಿಯ ಕರಾವಳಿಯ ಮೀನುಗಾರರು, ಮುತ್ತು ತೆಗೆಯುವವರು ಮತ್ತು ಖರ್ಜೂರದ ತೋಟಗಳ ರೈತರು ತಮ್ಮ ವರ್ಷದ ಎಣಿಕೆಯನ್ನು ಈ ನಕ್ಷತ್ರದ ಉದಯದಿಂದಲೇ ಆರಂಭಿಸುತ್ತಿದ್ದರು. ಅಲ್ಲಿಂದ ಮುಂದಕ್ಕೆ ಹತ್ತು ಹತ್ತು ದಿನಗಳ ಕಟ್ಟುಗಳನ್ನು ಎಣಿಸುವ ಆ ಪದ್ಧತಿಗೆ ‘ದುರೂರ್’ ಎಂದು ಹೆಸರು. ಯಾವ ಕಟ್ಟಿನಲ್ಲಿ ಬಿತ್ತಬೇಕು, ಯಾವುದರಲ್ಲಿ ಕಡಲಿಗಿಳಿಯಬೇಕು, ಯಾವಾಗ ಒಂಟೆಗಳನ್ನು ಹೊಸ ಮೇವಿನತ್ತ ಹೊಡೆಯಬೇಕು ಎಂಬುದನ್ನು ಅವರು ಈ ಲೆಕ್ಕದಿಂದ ತಿಳಿಯುತ್ತಿದ್ದರು. ಓದುಬರಹವಿಲ್ಲದ ಕಾಯಕಜೀವಿಗೆ ಆಕಾಶವೇ ಪುಸ್ತಕವಾಗಿತ್ತು.

ಈಗ ವಿಚಾರಿಸಬೇಕಾದ ಪ್ರಶ್ನೆ ಇದು: ಆ ತಂಪನ್ನು ತರುವವರು ಯಾರು? ನಕ್ಷತ್ರವೇ?

ಕಾರಣಗಳನ್ನು ಒಂದೊಂದಾಗಿ ನೋಡೋಣ. ಜೂನ್ ತಿಂಗಳಿನಲ್ಲಿ ಅರೇಬಿಯಾದ ನಡುನೆತ್ತಿಯ ಮೇಲೆ ನಿಲ್ಲುವ ಸೂರ್ಯನು ಸೆಪ್ಟೆಂಬರಿನ ವೇಳೆಗೆ ದಕ್ಷಿಣಕ್ಕೆ ವಾಲುತ್ತಾನೆ. ಕಿರಣಗಳು ಓರೆಯಾಗಿ ಬೀಳುತ್ತವೆ. ದುಬೈಯಂತಹ ಸ್ಥಳದಲ್ಲಿ ಜೂನಿನಲ್ಲಿ ಹತ್ತೂವರೆ ಗಂಟೆಗಿಂತ ಕಿರಿದಾಗಿದ್ದ ಇರುಳು, ಸೆಪ್ಟೆಂಬರಿನ ಕೊನೆಗೆ ಹನ್ನೆರಡು ಗಂಟೆಯ ಸಮೀಪಕ್ಕೆ ಬರುತ್ತದೆ. ಮರಳು ಬೇಗ ಕಾಯುವಂತೆ ಬೇಗ ಆರುವ ವಸ್ತು. ಮೋಡವಿಲ್ಲದ, ತೇವವಿಲ್ಲದ ಒಳನಾಡಿನ ಆಗಸಕ್ಕೆ ಅದು ತನ್ನ ಶಾಖವನ್ನು ದೀರ್ಘವಾದ ಇರುಳಿಡೀ ಬಿಟ್ಟುಕೊಡುತ್ತದೆ. ಆದುದರಿಂದ ಮರುಭೂಮಿಯಲ್ಲಿ ಮೊದಲು ತಂಪಾಗುವುದು ಬೆಳಗಿನ ಜಾವ. ಮಧ್ಯಾಹ್ನವು ತಂಪಾಗುವುದು ಬಹಳ ತಡವಾಗಿ.

ಗಾಳಿಯೂ ಇದರೊಡನೆ ಬದಲಾಗುತ್ತದೆ. ಬೇಸಿಗೆಯಲ್ಲಿ ವಾಯವ್ಯದಿಂದ ಧೂಳನ್ನು ಹೊತ್ತು ಬೀಸುವ ಬಿರುಗಾಳಿಗೆ ಅರಬರು ‘ಶಮಾಲ್’ ಎನ್ನುತ್ತಾರೆ. ಆ ಪದಕ್ಕೆ ಉತ್ತರ ಎಂಬ ಅರ್ಥವಿದೆ. ಇರಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕಾದ ನೆಲದ ಮೇಲೆ ಏರ್ಪಡುವ ಕಡಿಮೆ ಒತ್ತಡವು ಈ ಗಾಳಿಯನ್ನು ತನ್ನೆಡೆಗೆ ಸೆಳೆಯುತ್ತದೆ. ವಿಸ್ಮಯದ ಸಂಗತಿಯೆಂದರೆ, ನಮ್ಮ ಮುಂಗಾರು ಮಾರುತವನ್ನು ಕಡಲಿನಾಚೆಯಿಂದ ಎಳೆದುತರುವುದರಲ್ಲಿಯೂ ಅದೇ ಒತ್ತಡದ ಕೈವಾಡವಿದೆ. ಸೆಪ್ಟೆಂಬರಿನಲ್ಲಿ ಅದು ಕುಂದಿದಾಗ ಅಲ್ಲಿ ಶಮಾಲ್ ಸೊರಗುತ್ತದೆ, ಇಲ್ಲಿ ಮುಂಗಾರು ಹಿಮ್ಮೆಟ್ಟತೊಡಗುತ್ತದೆ. ಪಶ್ಚಿಮ ರಾಜಸ್ಥಾನದಿಂದ ಮುಂಗಾರು ಮರಳುವ ಸಾಮಾನ್ಯ ದಿನವನ್ನು ಭಾರತ ಹವಾಮಾನ ಇಲಾಖೆಯು ೨೦೨೦ರಲ್ಲಿ ಸೆಪ್ಟೆಂಬರ್ ೧೭ ಎಂದು ಗೊತ್ತುಪಡಿಸಿತು. ಒಮಾನಿನ ಸಲಾಲಾ ಸುತ್ತಮುತ್ತಲಿನ ಬೆಟ್ಟಗಳನ್ನು ಹಸಿರಾಗಿಸುವ ‘ಖರೀಫ್’ ತುಂತುರು ಮಳೆಯೂ ಹೆಚ್ಚುಕಡಿಮೆ ಆ ವಾರದಲ್ಲಿಯೇ ಮುಗಿಯುತ್ತದೆ. ಅಕ್ಟೋಬರ್ ಮಧ್ಯದಿಂದ ಅರಬರು ‘ವಸ್ಮ್’ ಎಂಬ ಕಾಲವನ್ನು ಎಣಿಸುತ್ತಾರೆ. ಆಗ ಭೂಮಧ್ಯ ಸಮುದ್ರದ ಕಡೆಯಿಂದ ತಂಪಾದ ಗಾಳಿಯ ಅಲೆಗಳು ಬರತೊಡಗಿ, ಭಾಗ್ಯವಿದ್ದಲ್ಲಿ ಮಳೆಯೂ ಬೀಳುತ್ತದೆ. ಆ ಮಳೆ ಬಿದ್ದ ವರ್ಷ ಮರಳಿನೊಳಗೆ ನೆಲದಣಬೆ ಹುಟ್ಟುತ್ತದೆ.

ಇದರಲ್ಲಿ ಸುಹೈಲನ ಪಾತ್ರವೇನು? ಗಡಿಯಾರದ ಮುಳ್ಳಿಗೆ ಇರುವಷ್ಟೇ ಪಾತ್ರ. ಮುಳ್ಳು ಹನ್ನೆರಡಕ್ಕೆ ಬಂದುದರಿಂದ ಮಧ್ಯಾಹ್ನವಾಗುವುದಿಲ್ಲ. ಪ್ರಮಾಣ ಬೇಕಾದರೆ ಇದನ್ನು ಗಮನಿಸಿರಿ. ಉತ್ತರಕ್ಕಿರುವ ಕುವೈತಿನಲ್ಲಿ ಈ ನಕ್ಷತ್ರವು ಕಾಣುವುದು ಸೆಪ್ಟೆಂಬರಿನ ಮೊದಲ ವಾರದಲ್ಲಿ. ದಕ್ಷಿಣಕ್ಕಿರುವ ನಮ್ಮ ನಾಡಿನಲ್ಲಿ ಅದು ದುಬೈಗಿಂತ ಎರಡು ಮೂರು ವಾರ ಮೊದಲೇ ಉದಯಿಸುತ್ತದೆ. ಮುಂಗಾರಿನ ಮೋಡಗಳಿಂದಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಋತುವನ್ನು ನಕ್ಷತ್ರವೇ ಆಳುವುದಾದರೆ ಊರಿಗೊಂದು ದಿನ ಹುಟ್ಟುವ ಅದರ ಆಜ್ಞೆಯನ್ನು ಯಾರು ಪಾಲಿಸಬೇಕು?

ಆರನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ ಅಗಸ್ತ್ಯಚಾರವೆಂಬ ಅಧ್ಯಾಯವನ್ನೇ ಬರೆದಿದ್ದಾನೆ. ಅಗಸ್ತ್ಯನ ಉದಯವು ದೇಶಭೇದದಿಂದ ಬೇರೆ ಬೇರೆ ದಿನ ಆಗುವುದೆಂಬುದನ್ನು ಆತನು ಬಲ್ಲವನಾಗಿದ್ದನು. ಅದು ಶುದ್ಧ ಗಣಿತ. ನಾವು ತಲೆಬಾಗಬೇಕಾದ ಜ್ಞಾನ. ಅದೇ ಅಧ್ಯಾಯದಲ್ಲಿ ನಕ್ಷತ್ರದ ಬಣ್ಣವನ್ನು ಕಂಡು ರಾಜ್ಯದ ಶುಭಾಶುಭಗಳನ್ನು ಹೇಳುವ ಭಾಗವೂ ಇದೆ. ಅದು ಭಯ. ಒಂದೇ ಗ್ರಂಥದಲ್ಲಿ, ಒಂದೇ ನಕ್ಷತ್ರದ ಕುರಿತು, ಕಾಳೂ ಜೊಳ್ಳೂ ಬೆರೆತು ಬಂದಿವೆ. ಇವೆರಡನ್ನು ಬೇರ್ಪಡಿಸುವ ಮೊರವನ್ನು ನಮ್ಮ ಕೈಗೆ ಕೊಟ್ಟವರು ಹನ್ನೆರಡನೆಯ ಶತಮಾನದ ಶರಣರು. ತಿಥಿ, ವಾರ, ಲಗ್ನಗಳ ಬಂಧನದಿಂದ ಬಸವಾದಿ ಪ್ರಮಥರು ಭಕ್ತನನ್ನು ಬಿಡಿಸಿದರು, ಪಂಚಸೂತಕಗಳನ್ನು ನಿರಾಕರಿಸಿದರು. ಲಿಂಗೈಕ್ಯರಾದವರಿಗೆ ಪ್ರೇತತ್ವವಿಲ್ಲವೆಂಬುದು ನಮ್ಮ ಧರ್ಮದ ನಿಲುವು.

ಆದರೂ ಇಂದು ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಕೊಲ್ಲಿ ದೇಶದಲ್ಲಿ ಗಾರೆ ಕೆಲಸ ಮಾಡುವ ಭಕ್ತರೊಬ್ಬರ ಸಂಗತಿಯನ್ನು ಬಲ್ಲೆನು. ಎರಡು ವರ್ಷ ದುಡಿದ ಮೇಲೆ ದೊರೆತ ಒಂದು ತಿಂಗಳ ರಜೆಯಲ್ಲಿ, ಸೆಪ್ಟೆಂಬರಿನಲ್ಲಿ, ಅವರು ಊರಿಗೆ ಬಂದರು. ಮಗಳಿಗೆ ಸಂಬಂಧ ಕೂಡಿಬಂದಿತ್ತು. ಎರಡೂ ಮನೆಯವರು ಒಪ್ಪಿದ್ದರು. ಆದರೆ ಪಕ್ಷಮಾಸದಲ್ಲಿ ನಿಶ್ಚಯಕಾರ್ಯ ಕೂಡದೆಂದು ಹಿರಿಯರು ತಡೆದರು. ರಜೆ ತೀರಿತು. ತಂದೆಯು ಮರಳುನಾಡಿಗೆ ಮರಳಿದ ಮೇಲೆ ನಿಶ್ಚಯವಾಯಿತು, ಮುಂದೆ ಮದುವೆಯೂ ಆಯಿತು. ಎರಡು ವರ್ಷದ ಬೆವರನ್ನು ಆ ಮದುವೆಗಾಗಿ ಕೂಡಿಟ್ಟ ತಂದೆಯು ಮಗಳ ತಲೆಯ ಮೇಲೆ ಅಕ್ಷತೆ ಹಾಕಲಿಲ್ಲ. ಮಂಗಳವಾದ್ಯವನ್ನು ದೂರವಾಣಿಯಲ್ಲಿ ಕೇಳಿದರು. ಅಲ್ಲಿ ಯಾರೂ ಕೇಡನ್ನು ಬಯಸಿದವರಲ್ಲ. ಎಲ್ಲರೂ ಒಳಿತನ್ನೇ ಬಯಸಿ ಅಂಜಿದವರು. ಅಂಜಿಕೆಯು ಕಸಿದುಕೊಂಡದ್ದನ್ನು ಇನ್ನಾವ ಶುಭಮುಹೂರ್ತವು ತಂದುಕೊಟ್ಟೀತು?

ಅಗಸ್ತ್ಯ ನಕ್ಷತ್ರದ ಬೆಳಕು ನಮ್ಮನ್ನು ತಲುಪಲು ಸುಮಾರು ೩೧೦ ವರ್ಷ ಬೇಕು. ಇಂದು ನಾವು ಕಾಣುವ ಕಿರಣವು ನಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಹಿಂದೆ ಅಲ್ಲಿಂದ ಹೊರಟದ್ದು. ನಮ್ಮ ಮನೆಯ ಮಗಳ ನಿಶ್ಚಯವನ್ನು ಕೆಡಿಸುವ ಉದ್ದೇಶ ಅದಕ್ಕಿರಲು ಸಾಧ್ಯವಿಲ್ಲ.

ಹಾಗೆಂದು ಆಕಾಶವನ್ನು ನೋಡುವುದನ್ನೇ ಬಿಡಬೇಕೆಂದು ಯಾರೂ ತಿಳಿಯಬಾರದು. ನೋಡಬೇಕು, ಕಾಯಕಕ್ಕಾಗಿ ನೋಡಬೇಕು. ಮಕ್ಕಳು ಕೊಲ್ಲಿ ದೇಶದಲ್ಲಿರುವ ತಾಯಿತಂದೆಗಳು ಒಂದು ಮಾತನ್ನು ನೆನಪಿಡಲಿ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಬಿಸಿಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ವಿರಾಮ ಕೊಡುವ ನಿಯಮವಿದೆ. ಅದು ಪ್ರತಿವರ್ಷ ಜೂನ್ ೧೫ರಿಂದ ಸೆಪ್ಟೆಂಬರ್ ೧೫ರವರೆಗೆ ಮಾತ್ರ. ಸುಹೈಲ್ ಹುಟ್ಟಿ ಮೂರು ವಾರ ಕಳೆದ ಆ ಹೊತ್ತಿಗೂ ಮಧ್ಯಾಹ್ನದ ಬಿಸಿಲು ತೀಕ್ಷ್ಣವಾಗಿಯೇ ಇರುತ್ತದೆ. ಕೊಲ್ಲಿಯ ಸಮುದ್ರವು ಬೇಸಿಗೆಯ ಶಾಖವನ್ನು ಇನ್ನೂ ಹಿಡಿದುಕೊಂಡಿರುವುದರಿಂದ ಕರಾವಳಿಯಲ್ಲಿ ಬೆವರು ಆರುವುದಿಲ್ಲ. ವಿರಾಮ ಮುಗಿದ ಮೇಲಿನ ಆ ಕೆಲವು ವಾರಗಳಲ್ಲಿ ನೀರು, ನೆರಳು, ವಿಶ್ರಾಂತಿಗಳ ಬಗ್ಗೆ ಎಚ್ಚರವಿರಲೆಂದು ಮಕ್ಕಳಿಗೆ ಹೇಳಿರಿ. ಗ್ರಹಶಾಂತಿಗೆ ವೆಚ್ಚ ಮಾಡುವುದಕ್ಕಿಂತ ಈ ಒಂದು ಮಾತು ಅವರನ್ನು ಹೆಚ್ಚು ಕಾಯುತ್ತದೆ.

ಕಾಲವನ್ನು ಅರಿತು ನಡೆಯುವುದು ವಿವೇಕ. ಕಾಲಕ್ಕೆ ಅಂಜಿ ನಿಲ್ಲುವುದು ಬಂಧನ. ಈ ಭಾದ್ರಪದದಲ್ಲಿ ಮೋಡ ಸರಿದ ಬೆಳಗಿನ ಜಾವ ಮನೆಯ ಮಕ್ಕಳನ್ನು ಎಬ್ಬಿಸಿ ದಕ್ಷಿಣದಲ್ಲಿ ಅಗಸ್ತ್ಯನನ್ನು ತೋರಿಸಿರಿ. ಹೆಸರನ್ನೂ ಕಲಿಸಿರಿ, ಲೆಕ್ಕವನ್ನೂ ಕಲಿಸಿರಿ. ಭಯವನ್ನು ಮಾತ್ರ ಕಲಿಸದಿರಿ.