ಆರೋಗ್ಯ ಮಾತು: ಸಿ.ಆರ್.ಪಿ. ಏರಿದರೆ ಮೆದುಳಿಗೆ ಅಪಾಯವೇ?

ಬ್ಲಡ್ ಟೆಸ್ಟ್ ರಿಪೋರ್ಟಿನಲ್ಲಿ ಸಿ.ಆರ್.ಪಿ. ಹೆಚ್ಚು ಅಂತ ಕಂಡರೆ ನಮ್ಮಲ್ಲಿ ಹಲವರಿಗೆ ನಿದ್ದೆ ಬರೋದಿಲ್ಲ. ಮೈಯಲ್ಲಿ ಎಲ್ಲಾದರೂ ಉರಿಯೂತ ಇದ್ದರೆ ಲಿವರ್ ಈ ಪ್ರೋಟೀನನ್ನು ಹೆಚ್ಚು ಮಾಡುತ್ತದೆ. ಎಲ್ಲಿ ಅಂತ ಮಾತ್ರ ಅದು ಹೇಳೋದಿಲ್ಲ. ವಸಡು ಊದಿದ್ದರೂ, ಮೊನ್ನೆ ಜ್ವರ ಬಂದು ಹೋಗಿದ್ದರೂ ಏರುತ್ತದೆ. ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಸೋಂಕೇ ಇರಬಹುದು. ಡಾಕ್ಟರು ಎರಡು ವಾರ ಬಿಟ್ಟು ಮತ್ತೆ ಮಾಡಿಸಲು ಹೇಳುವುದುಂಟು.

ಮೆದುಳಿನ ಒಳಭಾಗಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳು ದಪ್ಪಗಾಗಿ ಕಟ್ಟಿಕೊಳ್ಳುವ ಕಾಯಿಲೆಗೂ ಉರಿಯೂತಕ್ಕೂ ನಂಟಿದೆ ಎನ್ನುವ ಅಧ್ಯಯನಗಳಿವೆ. ಆದರೆ ಆ ಕಾಯಿಲೆ ಗೊತ್ತಾಗುವುದು ಎಂ.ಆರ್.ಐ.ನಲ್ಲಿ, ಬಿಳಿ ಕಲೆಗಳಾಗಿ. ರಕ್ತದ ಒಂದು ಅಂಕಿಯಿಂದಲ್ಲ. ಆ ನಾಳಗಳ ದೊಡ್ಡ ವೈರಿ ಬಿ.ಪಿ.; ಆಮೇಲೆ ಸಕ್ಕರೆ ಕಾಯಿಲೆ, ಸಿಗರೇಟು.

ನಮ್ಮವರು ಸಿ.ಆರ್.ಪಿ.ಗೆ ಹೆದರುತ್ತಾರೆ, ಊರಿಂದ ತಂದ ಬಿ.ಪಿ. ಮಾತ್ರೆ ಮುಗಿದರೆ ಮುಂದಿನ ರಜೆವರೆಗೆ ಸುಮ್ಮನಿರುತ್ತಾರೆ! ಮುಗಿಯುವ ವಾರ ಮೊದಲೇ ಹಳೆ ಚೀಟಿ ಹಿಡಿದು ಇಲ್ಲಿನ ಕ್ಲಿನಿಕ್ಕಿಗೆ ಹೋಗಿ. ಮುಖ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ಶಿಫ್ಟ್ ಮುಗಿಯಲಿ ಅನ್ನಬೇಡಿ. ಇಲ್ಲಿ ಯುಎಇಯಲ್ಲಿ ಆಂಬುಲೆನ್ಸ್ ನಂಬರ್ 998.