ಕನ್ನಡಿ ಕೆಟ್ಟಿಲ್ಲ, ಕೂತದ್ದು ಸೊಟ್ಟ

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಒಂದು ದೂರು ಮರಳಿ ಮರಳಿ ಕಾಣಿಸಿಕೊಳ್ಳುತ್ತದೆ. ಮಗನ ಅಥವಾ ಮಗಳ ಹಟಕ್ಕೆ ಮಣಿದು ಮನೆಗೊಂದು ದೂರದರ್ಶಕ ತಂದದ್ದಾಯಿತು. ಮೊದಲ ವರ್ಷ ಚಂದ್ರನ ಕುಳಿಗಳೇನು, ಶನಿಯ ಬಳೆಯೇನು, ಕಟ್ಟಡದ ಜನವೆಲ್ಲ ತಾರಸಿಯ ಮೇಲೆ ಸಾಲುಗಟ್ಟಿ ನಿಂತು ನೋಡಿದರು. ಒಂದು ಮಳೆಗಾಲ ಕಳೆಯಿತು. ಆಮೇಲೆ ಹೊರತೆಗೆದರೆ ನಕ್ಷತ್ರಕ್ಕೆ ಬಾಲ ಬಂದಿದೆ, ಶನಿಯ ಬಳೆ ಮಸಕು ಮುದ್ದೆಯಾಗಿದೆ. ಬಲ್ಲವರೆನಿಸಿಕೊಂಡವರೊಬ್ಬರು ಬಂದು, ಕೊಳವೆಯೊಳಗೆ ಟಾರ್ಚು ಬಿಟ್ಟು ನೋಡಿ, "ಕನ್ನಡಿ ಹೋಯಿತು" ಎಂದು ತೀರ್ಪು ಕೊಡುತ್ತಾರೆ. ಅಲ್ಲಿಗೆ ಸಾವಿರಾರು ರೂಪಾಯಿಯ ಉಪಕರಣ ಅಟ್ಟ ಸೇರುತ್ತದೆ. ಮಗುವಿನ ಆಸಕ್ತಿಯೂ ಅದರ ಹಿಂದೆಯೇ ಅಟ್ಟ ಹತ್ತುತ್ತದೆ.

ಹೀಗೆ ಸತ್ತಿತೆಂದು ಸಾರಲಾದ ಕನ್ನಡಿಗಳಲ್ಲಿ ಬಹುಪಾಲು ಜೀವಂತವಾಗಿಯೇ ಇರುತ್ತವೆಂಬುದು ನಮ್ಮ ಅನುಭವ. ಕೆಟ್ಟಿರುವುದು ಕನ್ನಡಿಯಲ್ಲ, ಅದು ಕುಳಿತ ರೀತಿ. ಅದನ್ನು ಬಿಚ್ಚಿ, ಅಗತ್ಯವಿದ್ದರೆ ತೊಳೆದು, ಮತ್ತೆ ನೆಟ್ಟಗೆ ಕೂರಿಸುವುದು ಒಂದು ಭಾನುವಾರದ ಕೆಲಸ. ಅದನ್ನೇ ಈ ಸಲ ಹೇಳಬೇಕೆಂದಿದ್ದೇವೆ.

ನಾವು ಹೇಳುತ್ತಿರುವುದು ನ್ಯೂಟನ್ ಮಾದರಿಯ ದೂರದರ್ಶಕದ ಮಾತು. 1668ರಲ್ಲಿ ನ್ಯೂಟನ್ ತನ್ನ ಕೈಯಾರೆ ಮಾಡಿದ ಪುಟ್ಟ ಉಪಕರಣಕ್ಕೂ ನಮ್ಮ ಮನೆಗಳಲ್ಲಿರುವುದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಕೊಳವೆಯ ತಳದಲ್ಲಿ ಬಟ್ಟಲಿನಂತೆ ಒಳಬಾಗಿದ ದೊಡ್ಡ ಕನ್ನಡಿ. ಬಾಯಿಯ ಹತ್ತಿರ ಓರೆಯಾಗಿ ನಿಂತ ಚಿಕ್ಕ ಕನ್ನಡಿ, ಇದನ್ನು ಓರೆಗನ್ನಡಿ ಎನ್ನೋಣ. ಪಕ್ಕದ ರಂಧ್ರದಲ್ಲಿ ಐಪೀಸ್. ದೊಡ್ಡ ಕನ್ನಡಿ ಬೆಳಕನ್ನು ಮೇಲಕ್ಕೆ ಒಗ್ಗೂಡಿಸುತ್ತದೆ, ಓರೆಗನ್ನಡಿ ಅದನ್ನು ಪಕ್ಕಕ್ಕೆ ತಿರುಗಿಸುತ್ತದೆ. ಈ ಮೂವರೂ ಒಬ್ಬರ ಮುಖ ಒಬ್ಬರು ನೇರವಾಗಿ ನೋಡುತ್ತಿದ್ದರೆ ಸಂಸಾರ ಸುಖವಾಗಿ ಸಾಗುತ್ತದೆ.

ಕನ್ನಡಿ ಬಿಚ್ಚುವುದೆಂದರೆ ಒಂದು ಕಾಲದಲ್ಲಿ ನಿಜವಾಗಿಯೂ ಭಯಪಡಬೇಕಾದ ಸಂಗತಿಯಾಗಿತ್ತು. ಆಗ ಕನ್ನಡಿ ಗಾಜಿನದಲ್ಲ, ತಾಮ್ರ ಮತ್ತು ತವರದ ಮಿಶ್ರಲೋಹದ್ದು. ಹಿತ್ತಾಳೆ ದೀಪದ ಹಾಗೆ ಅದೂ ಕಿಲುಬುತ್ತಿತ್ತು. ಕಿಲುಬು ತೆಗೆಯಲು ಮೆರುಗು ಕೊಟ್ಟರೆ ಅದರ ಬಾಗು, ಎಂದರೆ ಅದರ ಪ್ರಾಣ, ಬದಲಾಗುತ್ತಿತ್ತು. 1781ರ ಮಾರ್ಚ್ 13ರಂದು ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲನು ಒಮ್ಮೆ ಇಂಥ ಕನ್ನಡಿಗೆ ಮೆರುಗು ಕೊಡಲು ಕುಳಿತವನು ಹದಿನಾರು ಗಂಟೆ ಕೈ ತೆಗೆಯಲಿಲ್ಲವಂತೆ. ತಂಗಿ ಕ್ಯಾರೊಲಿನ್ ತುತ್ತು ತುತ್ತಾಗಿ ಅವನ ಬಾಯಿಗೆ ಊಟ ಹಾಕಬೇಕಾಯಿತೆಂದು ಆಕೆಯೇ ಬರೆದಿಟ್ಟಿದ್ದಾಳೆ. ಅಣ್ಣನ ಹೆಸರು ಗ್ರಹದೊಡನೆ ಉಳಿಯಿತು. ತುತ್ತಿಟ್ಟ ತಂಗಿಯೂ ತಾನೇ ಹಲವು ಧೂಮಕೇತುಗಳನ್ನು ಕಂಡುಹಿಡಿದವಳು. ಅವಳನ್ನು ನೆನೆಯುವವರು ಕಡಿಮೆ.

ಮುಂದೆ 1850ರ ದಶಕದಲ್ಲಿ ಗಾಜಿನ ಮೇಲೆ ಬೆಳ್ಳಿಯ ತೆಳುಲೇಪ ಕೊಡುವ ವಿದ್ಯೆ ದೂರದರ್ಶಕಗಳಿಗೆ ಬಂತು. ಬೆಳ್ಳಿ ಕಪ್ಪಾದರೆ ಅದನ್ನು ಕರಗಿಸಿ ಹೊಸದಾಗಿ ಲೇಪಿಸಿದರಾಯಿತು, ಗಾಜಿನ ಬಾಗು ಹಾಗೆಯೇ ಉಳಿಯುತ್ತದೆ. 1930ರ ದಶಕದಲ್ಲಿ ಅಮೆರಿಕದ ಜಾನ್ ಸ್ಟ್ರಾಂಗ್ ನಿರ್ವಾತದಲ್ಲಿ ಅಲ್ಯೂಮಿನಿಯಂ ಲೇಪಿಸುವ ಕ್ರಮವನ್ನು ರೂಢಿಗೆ ತಂದನು. ಇಂದು ನಮ್ಮ ಕನ್ನಡಿಗಳ ಮೇಲಿರುವುದು ಅದೇ. ಲೇಪದ ದಪ್ಪ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು. ದೊಡ್ಡ ವೀಕ್ಷಣಾಲಯಗಳಲ್ಲಿ ಈ ಬಿಚ್ಚುವ, ಲೇಪಿಸುವ, ಕೂರಿಸುವ ಕೆಲಸ ಆಗಾಗ ನಡೆಯುತ್ತಲೇ ಇರುತ್ತದೆ. ತಮಿಳುನಾಡಿನ ಕಾವಲೂರಿನಲ್ಲಿ 2.34 ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವಿದೆ. 1986ರಲ್ಲಿ ಅದಕ್ಕೆ ವೇಣು ಬಾಪ್ಪು ಅವರ ಹೆಸರಿಟ್ಟರು. ಆ ಕನ್ನಡಿಯನ್ನು ಉಜ್ಜಿ ರೂಪಕ್ಕೆ ತಂದದ್ದು ನಮ್ಮ ಬೆಂಗಳೂರಿನಲ್ಲಿ. ಅಷ್ಟು ದೊಡ್ಡದನ್ನೇ ಬಿಚ್ಚಿ ಕೂರಿಸುವವರಿರುವಾಗ ನಮ್ಮ ಆರು ಇಂಚಿನ ಕನ್ನಡಿಗೆ ಹೆದರಬೇಕೇಕೆ?

ಬಿಚ್ಚುವ ಮೊದಲು ರೋಗ ಯಾವುದೆಂದು ತಿಳಿಯತಕ್ಕದ್ದು. ನೋಟದ ನಟ್ಟನಡುವೆ ಇಟ್ಟ ನಕ್ಷತ್ರಕ್ಕೂ ಒಂದೇ ದಿಕ್ಕಿಗೆ ಬಾಲವಿದ್ದರೆ ಅದು ಜೋಡಣೆಯ ದೋಷ. ಕನ್ನಡಿಯನ್ನು ಹೊರತೆಗೆಯಬೇಕಾಗಿಯೇ ಇಲ್ಲ, ಹಿಂದಿನ ತಿರುಪುಗಳಲ್ಲೇ ಮದ್ದಿದೆ. ನಕ್ಷತ್ರ ಮೂರು ಮೂಲೆಯಾಗಿ ಕಂಡರೆ ಕನ್ನಡಿಯನ್ನು ಹಿಡಿದಿರುವ ಕ್ಲಿಪ್ಪುಗಳು ಅದನ್ನು ಹಿಸುಕುತ್ತಿವೆ ಎಂದು ಅರ್ಥ. ಎಲ್ಲವೂ ಮಂಜು ಕವಿದಂತಿದ್ದರೆ ಮಾತ್ರ ಕೊಳೆ ಅಥವಾ ಲೇಪವನ್ನು ಶಂಕಿಸಬೇಕು. ಟಾರ್ಚಿನ ಬೆಳಕಿನಲ್ಲಿ ಎಂಥ ಕನ್ನಡಿಯೂ ಧೂಳಿನ ಗೂಡಾಗಿ ಕಾಣುತ್ತದೆ. ಅದನ್ನು ನಂಬಬೇಡಿ. ತೆಳ್ಳಗಿನ ಧೂಳು ನೋಟಕ್ಕೆ ಮಾಡುವ ಕೇಡು ಅತ್ಯಲ್ಪ, ಅದನ್ನು ಒರೆಸಲು ಹೋಗಿ ಮಾಡುವ ಕೇಡು ಶಾಶ್ವತ. ಆದರೆ ಮುಂಬಯಿಯಂಥ ಕಡಲ ಊರಿನಲ್ಲಿ ಉಪ್ಪಿನ ಗಾಳಿಯೂ ಮಳೆಗಾಲದ ಬೂಷ್ಟೂ ಅಲ್ಯೂಮಿನಿಯಮ್ಮನ್ನು ತಿನ್ನುವುದರಿಂದ, ಎರಡು ವರ್ಷಕ್ಕೊಮ್ಮೆ ತೊಳೆಯುವುದು ಅತಿಯೆನಿಸದು.

ಬಿಚ್ಚುವ ಕೆಲಸ ಮನೆಯೊಳಗೇ, ಬಿಸಿಲು ಬೀಳದ ಕೋಣೆಯಲ್ಲೇ ಆಗಬೇಕು. ಆರು ಇಂಚಿನ ಒಳಬಾಗಿದ ಕನ್ನಡಿ ಕಿಟಕಿಯ ಬಿಸಿಲಿಗೆ ಮುಖ ಮಾಡಿ ಮಲಗಿದರೆ ಎದುರಿನ ಪರದೆಗೆ ಬೆಂಕಿ ಹತ್ತಿಸಬಲ್ಲದು. ಕಣ್ಣಿನ ಮಾತಂತೂ ಬೇಡವೇ ಬೇಡ. ಕೊಳವೆಯನ್ನು ಮೇಜಿನ ಮೇಲೆ ಅಡ್ಡಲಾಗಿ ಮಲಗಿಸಿ. ಕನ್ನಡಿ ಕೂತ ಪೀಠಕ್ಕೂ ಕೊಳವೆಗೂ ಸೇರುವಂತೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ಮತ್ತೆ ಹಾಕುವಾಗ ಗೆರೆಗೆ ಗೆರೆ ಕೂಡಿದರೆ ಅರ್ಧ ಕೆಲಸ ಉಳಿಯುತ್ತದೆ. ಅಂಚಿನ ತಿರುಪುಗಳನ್ನು ತೆಗೆದು ಪೀಠದ ಸಮೇತ ಹೊರಗೆಳೆಯಿರಿ, ಆಮೇಲೆ ಕ್ಲಿಪ್ಪುಗಳನ್ನು ಬಿಚ್ಚಿ. ನಮ್ಮ ಮುಖ ನೋಡುವ ಕನ್ನಡಿಗೆ ಲೇಪ ಗಾಜಿನ ಬೆನ್ನಿಗಿರುತ್ತದೆ, ಇದಕ್ಕೆ ಮುಖದ ಮೇಲೆಯೇ. ಬೆರಳು ತಾಗಕೂಡದು, ಅಂಚನ್ನಷ್ಟೇ ಹಿಡಿಯಬೇಕು. ಉಂಗುರ, ಬಳೆ, ಗಡಿಯಾರಗಳನ್ನು ಮೊದಲೇ ಕಳಚಿಡುವುದು ಲೇಸು.

ಬೋಗುಣಿಯ ತಳಕ್ಕೆ ಮಡಿಸಿದ ಟವೆಲ್ ಹಾಸಿ, ಕನ್ನಡಿಯನ್ನು ಅದರ ಮೇಲೆ ಇಟ್ಟು, ಮೊದಲು ಬರಿಯ ನೀರು ಹರಿಸಿ. ಮರಳಿನಂಥ ಕಣಗಳು ಮುಟ್ಟದೆಯೇ ಹೊರಟುಹೋಗಬೇಕು. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಎರಡೇ ಹನಿ ಹಾಕಿ ಸ್ವಲ್ಪ ಹೊತ್ತು ನೆನೆಯಬಿಡಿ. ಶುದ್ಧ ಹತ್ತಿಯ ಉಂಡೆಯನ್ನು ನೀರಿನೊಳಗೇ, ಅದರ ಸ್ವಂತ ಭಾರದಿಂದ ಮಾತ್ರ, ಒಂದೇ ದಿಕ್ಕಿಗೆ ಎಳೆಯಿರಿ. ಒಂದು ಎಳೆತಕ್ಕೆ ಒಂದು ಉಂಡೆ, ಮುಗಿದ ಕೂಡಲೇ ಎಸೆಯಿರಿ. ಕೊನೆಗೆ ಡಿಸ್ಟಿಲ್ಡ್ ನೀರು ಸುರಿದು, ಓರೆಯಾಗಿ ನಿಲ್ಲಿಸಿ ಒಣಗಿಸಿ. ನಿಂತ ಹನಿಗಳನ್ನು ಟಿಶ್ಯೂ ಕಾಗದದ ಮೂಲೆಯಿಂದ ಹೀರಿಸಬೇಕು, ಒರೆಸಬಾರದು. ಇಲ್ಲಿ ಮನೆಯ ಹಿರಿಯರಿಗೆ ಒಂದು ಬಿನ್ನಹ: ಬೆಳ್ಳಿಯ ತಟ್ಟೆಗೆ ವಿಭೂತಿ, ಹಿತ್ತಾಳೆಗೆ ಹುಣಸೆಹಣ್ಣು ಎಂಬುದು ನಮ್ಮ ಮನೆಗಳ ಬಹುಕಾಲದ ವಿವೇಕ, ಆದರೆ ಈ ಕನ್ನಡಿಯ ಹತ್ತಿರ ಅವೆರಡೂ ಸುಳಿಯಬಾರದು. ಒಂದು ಗೀರು ಎಳೆಯುತ್ತದೆ, ಇನ್ನೊಂದು ಲೇಪವನ್ನೇ ತಿನ್ನುತ್ತದೆ. ಒಣಗಿದ ಮೇಲೆ ಸೂಜಿಮೊನೆಯಷ್ಟು ರಂಧ್ರಗಳು ಅಲ್ಲಲ್ಲಿ ಕಂಡರೆ ಚಿಂತೆಯಿಲ್ಲ. ಲೇಪ ತೇಪೆತೇಪೆಯಾಗಿ ಹೋಗಿದ್ದರೆ ಮಾತ್ರ ಮರುಲೇಪನಕ್ಕೆ ಕಳುಹಿಸಬೇಕು. ಆಗಲೂ ಗಾಜು ನಿಮ್ಮದೇ, ಬಾಗೂ ನಿಮ್ಮದೇ.

ಕನ್ನಡಿ ಹೊರಗಿರುವಾಗಲೇ ಅದರ ನಡುವೆ ಒಂದು ಗುರುತು ಮಾಡಿಕೊಳ್ಳಿ. ಕನ್ನಡಿಯಷ್ಟೇ ಅಗಲದ ಕಾಗದದ ವೃತ್ತ ಕತ್ತರಿಸಿ, ನಾಲ್ಕಾಗಿ ಮಡಿಸಿದರೆ ನಡು ಸಿಕ್ಕಿತು. ಅಲ್ಲಿ ತೂತು ಮಾಡಿ, ಕನ್ನಡಿಯ ಮೇಲೆ ಮೆಲ್ಲಗೆ ಇಟ್ಟು, ಫೈಲಿನ ಕಾಗದದ ತೂತಿಗೆ ಅಂಟಿಸುವ ಉಂಗುರವೊಂದನ್ನು ಅಂಟಿಸಿ. ಆ ಭಾಗ ಹೇಗೂ ಓರೆಗನ್ನಡಿಯ ನೆರಳಿನಲ್ಲಿರುವುದರಿಂದ ನಷ್ಟವೇನೂ ಇಲ್ಲ. ಕ್ಲಿಪ್ಪುಗಳನ್ನು ಮತ್ತೆ ಹಾಕುವಾಗ ಅವುಗಳಿಗೂ ಗಾಜಿಗೂ ನಡುವೆ ಒಂದು ಪೋಸ್ಟ್ ಕಾರ್ಡು ಸಲೀಸಾಗಿ ಜಾರುವಷ್ಟು ಎಡೆ ಬಿಡಿ. ಬಿಗಿದಷ್ಟೂ ಭದ್ರವೆಂಬ ನಂಬಿಕೆಯೇ ಅನೇಕ ಒಳ್ಳೆಯ ಕನ್ನಡಿಗಳನ್ನು ಕೆಟ್ಟವೆನಿಸಿದೆ.

ಈಗ ಜೋಡಣೆ. ಐಪೀಸ್ ತೆಗೆದು, ಅದರ ಜಾಗಕ್ಕೆ ನಟ್ಟನಡುವೆ ಸಣ್ಣ ತೂತಿರುವ ಒಂದು ಮುಚ್ಚಳ ಬೇಕು. ಹಳೆಯ ಫೋಟೋ ರೀಲಿನ ಡಬ್ಬಿ ಒಂದೂಕಾಲು ಇಂಚಿನ ರಂಧ್ರಕ್ಕೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿತ್ತು. ಇನ್ನೂ ಯಾರ ಕಪಾಟಿನಲ್ಲಾದರೂ ಒಂದಿದ್ದರೆ ಜೋಪಾನ ಮಾಡಿ. ಅದರ ಒಳಮುಖಕ್ಕೆ ಬಿಳಿಯ ಕಾಗದ ಅಂಟಿಸಿ, ಕೊಳವೆಯ ಬಾಯನ್ನು ಬೆಳಕಿದ್ದ ಗೋಡೆಗೆ ತಿರುಗಿಸಿ, ತೂತಿನಲ್ಲಿ ಕಣ್ಣಿಡಿ. ಓರೆಗನ್ನಡಿಯಲ್ಲಿ ದೊಡ್ಡ ಕನ್ನಡಿ ಕಾಣುತ್ತದೆ, ಅದರೊಳಗೆ ಮತ್ತೆ ಓರೆಗನ್ನಡಿಯ ನೆರಳು, ಅದರ ನಡುವೆ ಬಿಳಿಯ ಮುಚ್ಚಳ, ಮುಚ್ಚಳದ ನಡುವೆ ಕಪ್ಪು ಚುಕ್ಕೆ. ಮೊದಲು ಓರೆಗನ್ನಡಿಯ ತಿರುಪುಗಳಿಂದ, ದೊಡ್ಡ ಕನ್ನಡಿಯ ನಡುವಿನ ಕಾಗದದ ಉಂಗುರವನ್ನು ನೋಟದ ನಡುವಿಗೆ ತರಬೇಕು. ಈ ಹೊತ್ತಿನಲ್ಲಿ ಕೊಳವೆ ಅಡ್ಡಲಾಗಿಯೇ ಇರಲಿ. ಸ್ಕ್ರೂಡ್ರೈವರ್ ಕೈಜಾರಿದರೆ ಕನ್ನಡಿಯ ಮೇಲೆ ಬೀಳಬಾರದು. ಆಮೇಲೆ ತಳದ ತಿರುಪುಗಳಿಂದ, ಕಪ್ಪು ಚುಕ್ಕೆಯನ್ನು ಉಂಗುರದೊಳಕ್ಕೆ ತರಬೇಕು. ಇಷ್ಟೇ.

ಇಷ್ಟೇ ಎಂದರೂ ಕೈ ನಿಧಾನವಿರಲಿ. ಲೆಕ್ಕ ಹಾಕಿ ನೋಡಿದೆವು: ಕನ್ನಡಿಯ ಸಂಗಮದೂರ 1200 ಮಿ.ಮೀ., ತಿರುಪಿನ ಒಂದು ಸುತ್ತಿಗೆ 0.8 ಮಿ.ಮೀ. ಏರಿಕೆ, ತಿರುಪುಗಳು ನಡುವಿನಿಂದ 60 ಮಿ.ಮೀ. ದೂರದಲ್ಲಿವೆ ಎಂದಿಟ್ಟುಕೊಂಡರೆ, ಒಂದೇ ಒಂದು ಪೂರ್ತಿ ಸುತ್ತು ಮರಳುವ ಬೆಳಕನ್ನು ಸುಮಾರು 21 ಮಿ.ಮೀ. ಆಚೆಗೆ ತಳ್ಳುತ್ತದೆ. ಕಾಲು ಸುತ್ತು, ಅದಕ್ಕೂ ಕಡಮೆ, ಸಾಕು. ಸಂಗಮದೂರವನ್ನು ಕನ್ನಡಿಯ ಅಗಲದಿಂದ ಭಾಗಿಸಿದರೆ 8 ಬರುವ ದೂರದರ್ಶಕ ಸಣ್ಣಪುಟ್ಟ ತಪ್ಪನ್ನು ಕ್ಷಮಿಸುತ್ತದೆ. 5 ಬರುವ ಗಿಡ್ಡ ಕೊಳವೆಯಲ್ಲಿ ಆ ಕ್ಷಮೆ ಕಾಲುಭಾಗಕ್ಕೆ ಇಳಿಯುತ್ತದೆ. ಸಾಗಿಸಲು ಸುಲಭವೆಂದು ಗಿಡ್ಡದನ್ನು ಕೊಂಡವರು ಇದನ್ನು ನೆನಪಿಡಬೇಕು.

ಉದ್ದನೆಯ ಕೊಳವೆಯಲ್ಲಿ ಕಣ್ಣು ಮೇಲೆ, ತಿರುಪು ಕೆಳಗೆ. ಹೀಗಾಗಿ ಇದು ಇಬ್ಬರ ಕೆಲಸ. "ಎಡಕ್ಕೆ" ಎಂದರೆ ಯಾರ ಎಡ ಎಂಬುದರ ಮೇಲೆ ಅನ್ಯೋನ್ಯ ದಂಪತಿಗಳೂ ಜಗಳವಾಡಿದ್ದುಂಟು. ಮೂರು ತಿರುಪುಗಳಿಗೆ ಅ, ಆ, ಇ ಎಂದು ಚೀಟಿ ಅಂಟಿಸಿ, "ಆ ಸ್ವಲ್ಪ ಬಿಗಿ, ಇ ಸ್ವಲ್ಪ ಸಡಿಲ" ಎಂದರೆ ಮನೆಯಲ್ಲಿ ಶಾಂತಿ ನೆಲೆಸುತ್ತದೆ. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೆ ಮೂರು ಅಕ್ಷರ ಬಂದಂತೆಯೂ ಆಯಿತು.

ಕಡೆಯ ಪರೀಕ್ಷೆ ರಾತ್ರಿಯದು, ಅದಕ್ಕೆ ಆತುರ ಕೂಡದು. 1917ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ಶಿಖರದಲ್ಲಿ ಆ ಕಾಲದ ಜಗತ್ತಿನ ಅತಿ ದೊಡ್ಡ ದೂರದರ್ಶಕಕ್ಕೆ, ನೂರು ಇಂಚಿನ ಕನ್ನಡಿಯದಕ್ಕೆ, ಹೇಲ್ ಎಂಬ ವಿಜ್ಞಾನಿ ಮೊದಲ ಬಾರಿ ಕಣ್ಣಿಟ್ಟನು. ಒಂದು ಗುರುಗ್ರಹದ ಬದಲು ಒಂದರ ಮೇಲೊಂದು ಬಿದ್ದ ಆರೇಳು ಗುರುಗ್ರಹಗಳು ಕಂಡವು. ವರ್ಷಗಟ್ಟಲೆಯ ಶ್ರಮ ಹಾಳಾಯಿತೆಂದು ಅವನ ಎದೆ ಕುಸಿಯಿತು. ವಿಚಾರಿಸಿದರೆ, ಹಗಲು ಕೆಲಸಗಾರರು ಗುಮ್ಮಟವನ್ನು ತೆರೆದಿಟ್ಟಿದ್ದರಿಂದ ಬಿಸಿಲು ಬಿದ್ದು ಕನ್ನಡಿ ಕಾದಿತ್ತು. ಗಾಜು ತಣಿಯುವವರೆಗೆ ಕಾದು, ಬೆಳಗಿನ ಜಾವಕ್ಕೆ ಮುಂಚೆ ಮತ್ತೆ ನೋಡಿದಾಗ ಬಿಂಬ ಶುದ್ಧವಾಗಿತ್ತು. ಮುಂದೆ ಇದೇ ಕನ್ನಡಿಯಿಂದ ಹಬಲನು, ನಮ್ಮ ಆಕಾಶಗಂಗೆಯ ಆಚೆಗೂ ಬೇರೆ ಗ್ಯಾಲಕ್ಸಿಗಳಿವೆಯೆಂದು ತೋರಿಸಿಕೊಟ್ಟನು. ನಮ್ಮ ಚಿಕ್ಕ ಕನ್ನಡಿಗೆ ಅಷ್ಟು ಹೊತ್ತು ಬೇಡ. ತಾರಸಿಯ ಮೇಲಿಟ್ಟು ಊಟ ಮುಗಿಸಿ ಬಂದರೆ ಸಾಕು.

ಎತ್ತರದಲ್ಲಿರುವ ಒಂದು ನಕ್ಷತ್ರವನ್ನು ನಡುವೆ ಇಟ್ಟು, ಹೆಚ್ಚು ವರ್ಧನೆಯ ಐಪೀಸ್ ಹಾಕಿ, ಬಿಂಬವನ್ನು ತುಸು ಕದಡಿ. ಕೊಳಕ್ಕೆ ಕಲ್ಲೆಸೆದಂತೆ ಒಂದರೊಳಗೊಂದು ಬಳೆಗಳು ಕಾಣುತ್ತವೆ. ಅವು ಒಂದೇ ನಡುವಿನ ಸುತ್ತ ಇದ್ದರೆ ಜೋಡಣೆ ಸರಿ. ಒಂದು ಕಡೆಗೆ ಒತ್ತರಿಸಿದ್ದರೆ ತಳದ ತಿರುಪುಗಳಲ್ಲಿ ಒಂದನ್ನು ಕೂದಲೆಳೆಯಷ್ಟು ತಿರುಗಿಸಿ, ಜರುಗಿದ ನಕ್ಷತ್ರವನ್ನು ಮತ್ತೆ ನಡುವೆ ತಂದು ನೋಡಿ. ಕೆಟ್ಟಿತೇ? ಹಿಂದಕ್ಕೆ ತಿರುಗಿಸಿ.

ಮಳೆ ನಿಂತು ನವರಾತ್ರಿಯ ದೀಪಗಳು ಏಳುವ ಹೊತ್ತಿಗೆ, ಸಂಜೆ ಕತ್ತಲಾಗುತ್ತಲೇ ವಾಯವ್ಯದಲ್ಲಿ ಅಭಿಜಿತ್ ನಕ್ಷತ್ರ ಇನ್ನೂ ಎತ್ತರದಲ್ಲೇ ಇರುತ್ತದೆ. ಅದರ ಪಕ್ಕದಲ್ಲಿ ಒಂದು ಮಂಕು ತಾರೆ. ಸಾಮಾನ್ಯ ದುರ್ಬೀನಿನಲ್ಲಿ ಅದು ಎರಡಾಗುತ್ತದೆ. ಗಾಳಿ ನಿಶ್ಚಲವಾದ ರಾತ್ರಿ, ನೂರೈವತ್ತು ಪಟ್ಟು ವರ್ಧನೆಯಲ್ಲಿ, ನೆಟ್ಟಗೆ ಕೂತ ಆರು ಇಂಚಿನ ಕನ್ನಡಿಗೆ ಆ ಎರಡರಲ್ಲಿ ಒಂದೊಂದೂ ಮತ್ತೆ ಎರಡಾಗಿ, ನಡುವೆ ಕಪ್ಪು ಆಕಾಶದ ಎಳೆಯೊಂದು ಕಾಣಬೇಕು. ಯಾರ ಮನೆಯ ತಾರಸಿಯಿಂದ ನಾಲ್ಕೂ ಕಂಡವೋ ಅವರು ನಮಗೊಂದು ಕಾಗದ ಬರೆಯಲಿ.